ಜೂನ್ ಒಂದರ ಮಕ್ಕಳು

ಅಕ್ಟೋಬರ್ 9, ಬುಧವಾರ. ಒಮಾನ್

ರೂಮಿಗೆ ಬಂದು ಬಕೆಟ್ಟಿಗೆ ಒದ್ದೆ. ಬಕೆಟ್ಟು ಸೀಳಿತು. ಅದು ನನ್ನದೇ ಬಕೆಟ್ಟು.

ಕ್ಯಾಂಪಿನ ಅಂಗಡಿಯಲ್ಲಿ ಈ ನೋಟ್‌ಬುಕ್ ಕೊಂಡೆ. ಯಾರನ್ನಾದರೂ ಬೈಯಬೇಕು. ಬಾಯಲ್ಲಿ ಬೈದರೆ ಕೆಲಸ ಹೋಗುತ್ತದೆ. ಇಲ್ಲಿ ಕನ್ನಡ ಓದುವವನು ನಾನೊಬ್ಬನೇ, ಹಾಗಾಗಿ ಇದರಲ್ಲಿ ಏನು ಬೇಕಾದರೂ ಬರೆಯಬಹುದು.

ಈ ಫಾರ್ಮಿನಲ್ಲಿ ಮೂರು ಸಾವಿರ ಹಸು. ಕೆಚ್ಚಲಿಗೆ ಮೆಷಿನ್ ಜೋಡಿಸುವುದು ನನ್ನ ಕೆಲಸ, ಎರಡು ವರ್ಷದಿಂದ ಅದೊಂದೇ. ಇವತ್ತು 4417ನೇ ನಂಬರಿನ ಹಸು ಬಂತು. ಕೆಚ್ಚಲು ಮುಟ್ಟಿದರೆ ಬಿಸಿ, ಒಂದು ಕಡೆ ಕಲ್ಲಿನ ಹಾಗೆ ಗಟ್ಟಿ. ಮೆಷಿನ್ ಹಾಕಬೇಡಿ ಅಂದೆ. ಸೂಪರ್‌ವೈಸರ್ ಕಂಪ್ಯೂಟರ್ ನೋಡಿ ಎಲ್ಲ ಸರಿ ಇದೆ ಅಂದ. ಡಾಕ್ಟರ್ ಇದ್ರಿಸ್ ಬಂದು ಹಾಲು ಪರೀಕ್ಷೆ ಮಾಡಿದರು. ಕೆಚ್ಚಲುಬಾವು. ನಾನು ಹೇಳಿದ್ದೇ ನಿಜವಾಯಿತು.

ಇದ್ರಿಸ್ ಸುಡಾನಿನವರು, ಹರಕು ಹಿಂದಿ ಬರುತ್ತದೆ. ನನ್ನ ಕೈ ಹಿಡಿದು ಆಫೀಸಿಗೆ ಕರೆದುಕೊಂಡು ಹೋದರು. ಹಸುಗಳ ಚಿಕಿತ್ಸೆ ಕಲಿಯಲು ಕಂಪನಿ ಪ್ರತಿ ಜೂನ್‌ನಲ್ಲಿ ಇಬ್ಬರನ್ನು ಪಟ್ಟಣದ ಕಾಲೇಜಿಗೆ ಕಳಿಸುತ್ತದೆ. ಹಗಲು ಕೆಲಸ, ಸಂಜೆ ಪಾಠ, ಒಂದು ವರ್ಷ. ಇವನನ್ನು ಕಳಿಸಿ ಅಂದರು.

ಆಫೀಸಿನವನು ನನ್ನ ಪಾಸ್‌ಪೋರ್ಟ್ ತೆರೆದು, ಇಸಿಆರ್ ಎಂದು ಅಚ್ಚಾದ ಜಾಗದ ಮೇಲೆ ಬೆರಳಿಟ್ಟ. ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿಗೆ ಹಾಗೆ ಅಚ್ಚು ಹಾಕುತ್ತಾರೆ. ಅವನೂ ನಮ್ಮ ದೇಶದವನೇ. ಹಸು ಮುಟ್ಟಲು ಸರ್ಟಿಫಿಕೇಟ್ ಬೇಡ, ಸೂಜಿ ಮುಟ್ಟಲು ಬೇಕು ಅಂದು ನಕ್ಕ.

ನನಗೆ ಓದು ಬೇಡ. ಆ ಕಾಗದ ಬೇಕು. ತಂದು ಅವನ ಮೇಜಿನ ಮೇಲೆ ಎಸೆಯಬೇಕು. ಅಷ್ಟೇ.

ಅಕ್ಟೋಬರ್ 12, ಶನಿವಾರ

ಅಕ್ಕನಿಗೆ ಫೋನ್ ಮಾಡಿದೆ. ಗೌತಮಿ ಚಿಂತಾಮಣಿಯಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಎಲ್ಲಾದರೂ ಮಾರುತ್ತಾರಾ ವಿಚಾರಿಸು ಅಂದೆ.

"ಮಾರ್ತಾರೆ. ಜೊತೆಗೆ ಜೈಲೂ ಕೊಡ್ತಾರೆ. ಓದಿ ಬರಿಯೋ. ಪ್ರೈವೇಟಾಗಿ ಕಟ್ಟಬಹುದು, ಮಾರ್ಚ್‌ನಲ್ಲಿ ಪರೀಕ್ಷೆ. ನಮ್ ಸ್ಕೂಲಿಂದ ದಾಖಲೆ ತಗೋಬೇಕು, ಅಷ್ಟೇ."

"ಆ ಮಧುಸೂದನ ಇನ್ನೂ ಅಲ್ಲೇ ಅವ್ನಾ?"

"ಈಗ ಅವ್ರೇ ಇನ್‌ಚಾರ್ಜ್ ಹೆಡ್‌ಮಾಸ್ಟ್ರು."

ಫೋನ್ ಇಟ್ಟುಬಿಟ್ಟೆ.

ಒಂಬತ್ತನೇ ಕ್ಲಾಸಿನಲ್ಲಿ ಅವನು ಗಣಿತ ಮಾಡುತ್ತಿದ್ದ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಅಂದ. ಯಾಕೆ ಸಾರ್ ಅಂದೆ. ಇನ್ನೊಂದು ಸಲ ಕೇಳಿದೆ. ಮೂರನೇ ಸಲ ಕೇಳಿದಾಗ, "ಇದೆಲ್ಲ ನಿಂಗ್ಯಾಕೋ, ನಿಮ್ ಕೇರೀಲಿ ಯಾರಿಗೆ ಬೇಕು. ಹಸು ಕಾಯೋಕೆ ಮೈನಸ್ಸು ಬೇಡ" ಅಂದ. ಎಲ್ಲರೂ ನಕ್ಕರು. ಕಂಪಾಸ್ ಡಬ್ಬಿ ಬೀಸಿ ಒಗೆದೆ. ಅವನಿಗೆ ತಾಗಲಿಲ್ಲ, ಕಿಟಕಿಗೆ ತಾಗಿತು. ಆಮೇಲೆ ಆ ಗೇಟು ದಾಟಿಲ್ಲ.

ಅವನು ಹೇಳಿದ ಹಾಗೇ ಹಸು ಕಾಯುತ್ತಿದ್ದೇನೆ. ಮೂರು ಸಾವಿರ.

ಅಕ್ಟೋಬರ್ 13, ಭಾನುವಾರ

ಗೌತಮಿಗೆ ಮೆಸೇಜ್ ಹಾಕಿದೆ. ನೀನೇ ಹೋಗಿ ಅರ್ಜಿ ಕೊಡು, ನಾನು ಅವನ ಮುಖ ನೋಡುವುದಿಲ್ಲ.

ನವೆಂಬರ್ 27, ಬುಧವಾರ

ಅರ್ಜಿ ಸೇರಿದೆ. ಪುಸ್ತಕಗಳನ್ನು ಫೋನಿಗೆ ಕಳಿಸಿದ್ದಾಳೆ. ಬೆಳಗಿನ ಪಾಳಿ ಮುಗಿಸಿ ಮಂಚದ ಮೇಲೆ ಕೂತು ಓದುತ್ತೇನೆ. ಕೈಗೆ ಹಾಲಿನ ವಾಸನೆ, ಪರದೆ ಜಾರುತ್ತದೆ. ಟ್ರಿಗ್ನಾಮೆಟ್ರಿ ಕಂಡುಹಿಡಿದವನು ಕೈಗೆ ಸಿಕ್ಕರೆ ಬಿಡುವುದಿಲ್ಲ.

ಜನವರಿ 5, ಭಾನುವಾರ

ಓದಲಿಲ್ಲ. ಯಾರಿಗೆ ಬೇಕು.

ಜನವರಿ 19, ಭಾನುವಾರ

ವಿಜ್ಞಾನದ ಪುಸ್ತಕದಲ್ಲಿ ಒಂದು ಪ್ರಶ್ನೆ: ಹಾಲಿನವನು ತಾಜಾ ಹಾಲಿಗೆ ಚೂರು ಅಡುಗೆ ಸೋಡಾ ಯಾಕೆ ಹಾಕುತ್ತಾನೆ? ನಗು ಬಂತು. ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಹಾಲು ಬೇಗ ಒಡೆಯಬಾರದು ಅಂತ. ಆದರೆ ಅದು ಹೇಗೆ ಅಂತ ಯಾರೂ ಹೇಳುವುದಿಲ್ಲ. ಪುಸ್ತಕದಲ್ಲಿ ಇದೆ. ಹಾಲು ಹುಳಿಯಾಗುವುದೆಂದರೆ ಆಮ್ಲವಾಗುವುದು, ಸೋಡಾ ಅದಕ್ಕೆ ಉಲ್ಟಾ.

ಹಾಗಾದರೆ ಇದ್ರಿಸ್ ಕೆಚ್ಚಲುಬಾವಿನ ಹಾಲಿಗೆ ಹಳದಿ ಪಟ್ಟಿ ಅದ್ದುತ್ತಾರಲ್ಲ, ಹಸಿರಾಗುತ್ತದಲ್ಲ, ಅದೂ ಇದೇ ಇರಬೇಕು, ಬಾವಿನ ಹಾಲು ಸೋಡಾದ ಕಡೆಗೆ ತಿರುಗಿರಬೇಕು ಅನ್ನಿಸಿತು. ಹೋಗಿ ಕೇಳಿದೆ. ಇದೇ ಅಂದರು.

ಇವತ್ತು ಮೂರು ಪಾಠ ಓದಿದೆ. ರಜೆ ಇತ್ತು, ಬೇರೆ ಕೆಲಸ ಇರಲಿಲ್ಲ, ಅದಕ್ಕೆ.

ಮಾರ್ಚ್ 2, ಭಾನುವಾರ. ಊರು

ಜಂಗಮಕೋಟೆ ಕ್ರಾಸಿನಲ್ಲಿ ಬಸ್ಸಿಳಿದು ಆಟೊದಲ್ಲಿ ಬಂದೆ. ಅಮ್ಮ ಅನಸೂಯಮ್ಮನವರ ಹುಳದ ಮನೆಯಿಂದ ಓಡಿಬಂದಳು, ಬೆರಳೆಲ್ಲ ಹಿಪ್ಪುನೇರಳೆ ಸೊಪ್ಪಿನ ಹಸಿರು. ನಾನು ಹುಟ್ಟುವ ಮುಂಚಿನಿಂದಲೂ ಅಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಾಳೆ. ಅಪ್ಪ ಪಂಚಾಯಿತಿ ನೀರುಗಂಟಿ. ಟ್ಯಾಂಕಿನ ಹತ್ತಿರ ಇದ್ದ, ಕೂಗಿದರೂ ಬರಲಿಲ್ಲ. ಮೇಲಿನ ಬೀದಿಗೆ ನೀರು ಬಿಟ್ಟು ಮುಗಿಸಿಯೇ ಬಂದ.

"ಕಪ್ಪಗಾಗಿದೀಯ" ಅಂದ.

"ಮುಂಚೆ ಬೆಳ್ಳಗಿದ್ನಾ?"

"ಅದೂ ಸರಿ" ಅಂದ.

ಏಪ್ರಿಲ್ 29ಕ್ಕೆ ನಾನು ಮತ್ತೆ ಒಮಾನಿನಲ್ಲಿರಬೇಕು. ಮೇ 15ರೊಳಗೆ ಮಾರ್ಕ್ಸ್ ಕಾರ್ಡು ಆಫೀಸಿಗೆ ಕೊಟ್ಟರೆ ಜೂನ್ ಕೋರ್ಸಿಗೆ ನನ್ನ ಹೆಸರು ಅಂತ ಇದ್ರಿಸ್ ಬರೆಸಿಕೊಂಡಿದ್ದಾರೆ. ಇಪ್ಪತ್ತೊಂದನೇ ತಾರೀಖು ಕನ್ನಡ ಪರೀಕ್ಷೆ. ಶಿಡ್ಲಘಟ್ಟದಲ್ಲಿ ಸೆಂಟರ್.

ಮಾರ್ಚ್ 7, ಶುಕ್ರವಾರ

ಹಾಲ್ ಟಿಕೆಟ್‌ಗೆ ನಾನೇ ಹೋಗಬೇಕಾಯಿತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಇಂಥ ಮಾತು ಹೇಳಿದರೆ ಅವನು ಇನ್ನು ಕುರ್ಚಿಯಿಂದ ಏಳಬಾರದು, ಹಾಗೆ.

ಹೋದರೆ ತಲೆಯೆಲ್ಲ ಬೆಳ್ಳಗಾಗಿದೆ. "ಬಾ ಮುನೇಶಪ್ಪ, ಕೂತ್ಕೊ. ಅಲ್ಲಿ ಬಿಸಿಲು ಜಾಸ್ತಿನಾ? ಊಟ ಸರಿಹೋಗುತ್ತಾ?" ಟೀ ತರಿಸಿದ. ಜೋಡಿಸಿಕೊಂಡ ಮಾತಿಗೆ ಜಾಗವೇ ಸಿಗಲಿಲ್ಲ. ಟೀ ಕುಡಿದು ಬಂದೆ. ನಾಚಿಕೆಗೇಡು.

ಸಂಜೆ ಗೌತಮಿ ಹಾಲ್ ಟಿಕೆಟ್ಟನ್ನೂ ಪಾಸ್‌ಪೋರ್ಟನ್ನೂ ಪಕ್ಕಪಕ್ಕ ಇಟ್ಟು ಹೆಸರು ಸರಿಯಾಗಿದೆಯಾ ನೋಡುತ್ತಿದ್ದಳು. ಎರಡರ ಮೇಲೂ ಬೆರಳಿಟ್ಟು ಇನ್ನೊಮ್ಮೆ ಓದಿದಳು.

"ಏನು?"

"ಹಾಲ್ ಟಿಕೆಟ್‌ನಲ್ಲಿ ಹುಟ್ಟಿದ್ದು 2003 ಜೂನ್ ಒಂದು. ಪಾಸ್‌ಪೋರ್ಟ್‌ನಲ್ಲಿ 2001 ಮಾರ್ಚ್ ಹನ್ನೆರಡು."

"ಅದಕ್ಕೇನೀಗ?"

"ನಂದು ಸ್ಕೂಲ್ ಪ್ರಕಾರ 2001 ಜೂನ್ ಒಂದು. ಅಂದ್ರೆ ನೀನು ನಂಗೆ ಅಣ್ಣ. ನಮ್ಮಮ್ಮ ಮೂರು ತಿಂಗಳಲ್ಲಿ ಎರಡು ಸಾರಿ ಹೆತ್ತವಳೆ."

ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. ಪಾಸಾದರೂ ಮಾರ್ಕ್ಸ್ ಕಾರ್ಡಿನ ತಾರೀಖು ಪಾಸ್‌ಪೋರ್ಟಿಗೆ ಹೊಂದುವುದಿಲ್ಲ. ಕಂಪನಿಯವರು ಇದು ನಿನ್ನದೇ ಅಂತ ಒಪ್ಪುವುದಿಲ್ಲ.

ಮೂರು ತಿಂಗಳು ಓದಿದ್ದೇನೆ.

ಮಾರ್ಚ್ 8, ಶನಿವಾರ

ಚಿಂತಾಮಣಿಗೆ ಹೋಗಿ, ನನ್ನನ್ನು ಒಮಾನಿಗೆ ಕಳಿಸಿದ ಏಜೆಂಟನ ಮೇಜು ಗುದ್ದಿದೆ. 2022ರಲ್ಲಿ ಕಂಪನಿಗೆ ಇಪ್ಪತ್ತೊಂದು ತುಂಬಿದವರು ಬೇಕಿತ್ತು. ನನಗೆ ತುಂಬಿರಲಿಲ್ಲ. ಇವನು ತುಂಬಿಸಿದ. ಎಲ್ಲ ಹಾಳೆಗೂ ಸಹಿ ಹಾಕಿದ್ದು ನಾನೇ, ಒಂದನ್ನೂ ಓದಿರಲಿಲ್ಲ.

"ಏಮಯ್ಯಾ, ಅವತ್ತು ಕಾಲು ಹಿಡ್ಕೊಂಡೆ, ಇವತ್ತು ಟೇಬಲ್ ಗುದ್ತೀಯ. ಪಾಸ್‌ಪೋರ್ಟ್ ತಿದ್ದಿಸ್ಬೇಕಂದ್ರೆ ಆರು ತಿಂಗ್ಳು. ಸುಳ್ಳು ಯಾಕೆ ಹೇಳ್ದೆ ಅಂತ ಕೇಳ್ತಾರೆ. ವೀಸಾ ಹಳೇ ತಾರೀಖಿನ ಮೇಲಿದೆ, ಅದೂ ಹೋಗುತ್ತೆ."

"ಮತ್ತೆ?"

"ಸ್ಕೂಲಿಂದು ತಿದ್ದಿಸು. ಅದು ನಮ್ಮ ಊರಿಂದು, ನಮ್ಮವರ ಕೈಲಿರೋದು. ಒಂದು ಗೆರೆ ಇಂಕು."

ಅದು ಇರುವುದು ಯಾರ ಕೈಯಲ್ಲಿ ಅಂತ ಅವನಿಗೆ ಗೊತ್ತಿಲ್ಲ.

ಮಾರ್ಚ್ 10, ಸೋಮವಾರ

ಕೇಳಲು ಹೋದೆ. ಹೌದು, ನಾನೇ ಹೋದೆ.

ನಾನು ಅರ್ಧ ಹೇಳುವಷ್ಟರಲ್ಲಿ ಮಧುಸೂದನ ಬೀರು ತೆಗೆದು ದಾಖಲಾತಿ ರಿಜಿಸ್ಟರ್ ಹೊರಗಿಟ್ಟ. ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷದ ಪುಟ. ಮೂವತ್ತೊಂದು ಹೆಸರು. ಹುಟ್ಟಿದ ತಾರೀಖಿನ ಕಾಲಂನಲ್ಲಿ ಜೂನ್ ಒಂದು, ಜೂನ್ ಒಂದು, ಜೂನ್ ಒಂದು. ಎಣಿಸಿದೆ, ಇಪ್ಪತ್ತೆರಡು.

"ಸ್ಕೂಲು ಶುರುವಾಗೋದು ಜೂನ್‌ನಲ್ಲಿ. ದಿನ ಗೊತ್ತಿಲ್ಲ ಅಂದ್ರೆ ಅದನ್ನೇ ಹಾಕ್ಬಿಡ್ತಿದ್ವಿ. ನಿಮ್ಮಮ್ಮನ್ನ ಕೇಳಿದ್ರೆ ಹುಳ ಅಂತ, ಜ್ವರ ಅಂತ ಏನೋ ಹೇಳಿದ್ರು. ನಾನು ಹುಡುಗನಿಗೆ ಜ್ವರ ಅಂದ್ಕೊಂಡೆ."

"ಈಗ ತಿದ್ದೋಕಾಗುತ್ತಾ?"

"ಈ ಹಾಳೆ ಬಿಚ್ಚಿ ಹೊಸದಾಗಿ ಬರೆದು ಸೇರಿಸಿದ್ರಾಯ್ತು. ರಿಸಲ್ಟ್ ಬಂದ್ಮೇಲೆ ಗುಮಾಸ್ತರ ತಪ್ಪು ಅಂತ ಬೋರ್ಡಿಗೆ ಕಾಗದ ಹಾಕ್ತೀನಿ. ಇದೂ ನಿಜ ಅಲ್ಲ, ಅದೂ ನಿಜ ಅಲ್ಲ. ಒಂದಕ್ಕೊಂದು ಹೊಂದಿಸಿದ್ರೆ ಯಾರಿಗೇನು ನಷ್ಟ?"

"ಯಾಕೆ ಮಾಡಿಕೊಡ್ತೀರ?"

"ಹುಡುಗ್ರು ಮುಂದೆ ಬರ್ಲಿ ಅಂತಪ್ಪ. ಬೇಕಾದಷ್ಟು ಜನಕ್ಕೆ ಮಾಡಿಕೊಟ್ಟಿದೀನಿ."

ಆಗ ಕೇಳಿಬಿಟ್ಟೆ. "ನಾನು ಸ್ಕೂಲು ಯಾಕೆ ಬಿಟ್ಟೆ ಗೊತ್ತಾ?"

ಯೋಚನೆ ಮಾಡಿದ. ನಿಜವಾಗಿ ಯೋಚನೆ ಮಾಡಿದ. "ಕಿಟಕಿ ಗಾಜು ಒಡೆದಿದ್ದೆ. ಬೈತಾರೆ ಅಂತ ಹೆದರ್ಕೊಂಡು ಬರ್ಲಿಲ್ಲ, ಅಲ್ವಾ?"

ಮರೆತಿದ್ದಾನೆ. ಏಳು ವರ್ಷ ನಾನು ಹೊತ್ತುಕೊಂಡು ಸಮುದ್ರ ದಾಟಿಸಿದ್ದು ಅವನ ತಲೆಯಲ್ಲಿ ಒಂದು ದಿನವೂ ಇರಲಿಲ್ಲ. ಅವನು ಆಡಿದ ಮಾತನ್ನು ಅವನಿಗೇ ಹೇಳಿದೆ, ಕೇರಿ, ಹಸು, ಎಲ್ಲ. ಮುಖ ಸಣ್ಣದಾಯಿತು. "ಅಂದಿರಬಹುದು" ಅಂದ. "ಆಗೆಲ್ಲ ಅಂತಿದ್ದೆ."

"ಅದು ಹೋಗ್ಲಿ. ಮೈನಸ್ಸು ಮೈನಸ್ಸು ಯಾಕೆ ಪ್ಲಸ್ಸು? ಅದಾದ್ರೂ ಹೇಳಿ."

"ಅದು ರೂಲು."

"ರೂಲು ಯಾಕೆ ಹಂಗಿದೆ?"

ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ನಂಗೂ ನಮ್ ಮೇಷ್ಟ್ರು ಹಂಗೇ ಹೇಳ್ಕೊಟ್ಟಿದ್ದು. ಯಾಕೆ ಅಂತ ನಂಗೆ ಗೊತ್ತಿಲ್ಲ ಕಣಪ್ಪ."

ಎದ್ದು ಬಂದೆ. ರಿಜಿಸ್ಟರ್ ವಿಷಯ ಆಮೇಲೆ ಹೇಳುತ್ತೇನೆ ಅಂದೆ.

ಇಷ್ಟು ವರ್ಷ, ಗೊತ್ತಿದ್ದೂ ನನಗೆ ಕೊಡಲಿಲ್ಲ ಅಂದುಕೊಂಡಿದ್ದೆ. ಅವರ ಹತ್ತಿರವೂ ಇರಲಿಲ್ಲ. ಇಲ್ಲದ್ದನ್ನು ಕೇಳಿದ್ದಕ್ಕೆ ಬೈದರು. ಬೈಗುಳಕ್ಕೆ ನಮ್ಮ ಕೇರಿ ಕೈಗೆ ಹತ್ತಿರ ಸಿಕ್ಕಿತು. ಕ್ಷಮಿಸಿಲ್ಲ. ಆದರೆ ಬೈಯೋಣ ಅಂತ ನೋಟ್‌ಬುಕ್ ತೆಗೆದರೆ ಇಷ್ಟೇ ಬರೆಯಲು ಬಂತು.

ಮಾರ್ಚ್ 12, ಬುಧವಾರ

ಗೌತಮಿ ಅಮ್ಮನಿಗೆ ಎಲ್ಲ ಹೇಳಿಬಿಟ್ಟಿದ್ದಾಳೆ. ಸಂಜೆ ಹಾಲು ಕರೆಯಲು ಕೂತಾಗ ಅಮ್ಮ ಪಕ್ಕದಲ್ಲಿ ಬಂದು ನಿಂತಳು.

"ಏನೋ ತಾರೀಖು ತಪ್ಪಾಗೈತಂತೆ."

"ನಿಂಗ್ಯಾಕಮ್ಮ."

"ಹೆತ್ತೋಳು ನಾನು, ನಂಗ್ಯಾಕೆ ಅಂದ್ರೆ? ಆ ಮೇಷ್ಟ್ರಿಗೆ ಹೇಳಿದ್ದೆ. ಚಳಿಗಾಲದ ಹುಳ ನಾಕನೇ ಜ್ವರ ಎದ್ದ ದಿನ, ಚಂದ್ರಗ್ರಹಣ ಆಗಿ ಎರಡು ದಿನಕ್ಕೆ. ಬೆಳಿಗ್ಗೆ ಸೊಪ್ಪು ಹಾಕ್ತಾ ಇದ್ದೆ, ನೋವು ಬಂತು. ಹಸಿದ ಹುಳ ಬಿಟ್ಟು ಹೆಂಗೆ ಬರ್ಲಿ, ಹಾಕಿ ಮುಗಿಸಿ ನಡ್ಕೊಂಡು ಬಂದೆ. ಎಲ್ಲಾ ಹೇಳ್ದೆ. ಆವಯ್ಯ ಬರ್ಕೊಳ್ಳಲಿಲ್ಲ. ನಾನೂ ನಿಮಗೆ ತಿಳಿದಂಗೆ ಹಾಕ್ಕೊಳ್ಳಿ ಸ್ವಾಮಿ ಅಂದ್ಬಿಟ್ಟೆ."

ರೇಷ್ಮೆಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ ತಲೆಯೆತ್ತಿ ಮಲಗುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ದಿನ ಹುಳಕ್ಕೆ ಸಿಕ್ಕಾಪಟ್ಟೆ ಹಸಿವು.

"ಈಗ ಮೇಷ್ಟ್ರು ಪಾಸ್‌ಪೋರ್ಟ್‌ನಲ್ಲಿ ಇರೋ ಹಂಗೆ ಬರೆದುಕೊಡ್ತಾರಂತೆ" ಅಂದೆ.

ಅಮ್ಮ ಹಸುವಿನ ಬೆನ್ನು ಸವರಿದಳು. "ಆವಯ್ಯ ಒಂದ್ಸಾರಿ ಹೆತ್ತ. ಏಜೆಂಟು ಒಂದ್ಸಾರಿ ಹೆತ್ತ. ಈಗ ಇನ್ನೊಂದ್ಸಾರಿನಾ? ನಾನು ಹೆತ್ತಿದ್ದು ಯಾವ ಲೆಕ್ಕಕ್ಕೋ."

ಅಮ್ಮ ಹೇಳಿದ್ದು ಸರಿ. ಕೋರ್ಸೂ ಬೇಕು.

ಮಾರ್ಚ್ 16, ಭಾನುವಾರ

ಅನಸೂಯಮ್ಮನವರ ಹುಳದ ಮನೆಗೆ ಹೋದೆ. ಅವರು ಮೊಟ್ಟೆ ತಂದ ಕಾರ್ಡುಗಳನ್ನೆಲ್ಲ ಒಂದು ಮೊಳೆಗೆ ಚುಚ್ಚಿ ನೇತುಹಾಕುತ್ತಾರೆ. ಮೂವತ್ತು ವರ್ಷದ್ದು. ಹಳೆಯವು ಗೆದ್ದಲು ತಿಂದು ಜಾಲರಿಯಾಗಿವೆ. 2003ರ ಚಳಿಗಾಲದ್ದು ಒಂದು ಸಿಕ್ಕಿತು: ಮರಿಯಾದ ದಿನ ಅಕ್ಟೋಬರ್ 24.

"ಮರಿಯಾದ ಎಷ್ಟನೇ ದಿನಕ್ಕಮ್ಮಾ ನಾಲ್ಕನೇ ಜ್ವರ ಏಳೋದು?"

"ಹದಿನೆಂಟು. ಚಳಿ ಜಾಸ್ತಿ ಇದ್ರೆ ಒಂದು ದಿನ ಆಚೆ. ಯಾಕೋ, ಹುಳ ಇಕ್ತೀಯ?"

ಅಕ್ಟೋಬರ್ 24ಕ್ಕೆ ಹದಿನೆಂಟು ಕೂಡಿಸಿದೆ. ನವೆಂಬರ್ 11. ಗೌತಮಿ ಫೋನಿನಲ್ಲಿ ಆ ವರ್ಷದ ಚಂದ್ರಗ್ರಹಣ ಹುಡುಕಿದಳು. ನವೆಂಬರ್ 9, ಬೆಳಗಿನ ಜಾವ. ಅದಕ್ಕೆ ಎರಡು. ನವೆಂಬರ್ 11.

ಎರಡು ಕಡೆಯಿಂದ ಹೋದರೂ ಒಂದೇ ಉತ್ತರ. ಯಾವ ಆಫೀಸಿನಲ್ಲೂ ನಡೆಯದ ತಾರೀಖು, ಆದರೆ ಲೆಕ್ಕ ಸರಿ.

ಅಮ್ಮನಿಗೆ ಹೇಳಿದೆ. "ನಾನು ಹೇಳಿದ್ದೂ ಅದೇ ಅಲ್ವಾ" ಅಂದಳು.

ಮಾರ್ಚ್ 21, ಶುಕ್ರವಾರ

ಕನ್ನಡ ಪರೀಕ್ಷೆ. ಬೆಂಚು ಚಿಕ್ಕದು, ಮೊಣಕಾಲು ತಾಗುತ್ತದೆ. ಸುತ್ತ ಎಲ್ಲ ಹದಿನಾರು ವರ್ಷದವರು. ಒಬ್ಬಳು ನನ್ನನ್ನು ಸೂಪರ್‌ವೈಸರ್ ಅಂದುಕೊಂಡು ಎದ್ದು ನಿಂತಳು. ಪ್ರಬಂಧ ಉದ್ದ ಬರೆದೆ. ಹಾಳೆ ಸಾಲಲಿಲ್ಲ.

ಮಾರ್ಚ್ 23, ಭಾನುವಾರ

ನಾಳೆ ಗಣಿತ. ಓದಿ ಓದಿ ತಲೆ ಕೆಟ್ಟು ಅಪ್ಪನ ಹಿಂದೆ ಟ್ಯಾಂಕಿನ ಹತ್ತಿರ ಹೋದೆ. ಮೇಲಿನ ಬೀದಿಗೆ ನೀರು ಬಿಟ್ಟಿದ್ದ. ಟ್ಯಾಂಕಿನ ಹೊರಗಿನ ಅಳತೆ ಪಟ್ಟಿ ನೋಡಿ, "ಬಿಟ್ಟಾಗ ತುಂಬಿತ್ತು" ಅಂದ.

"ಹೆಂಗೆ ಗೊತ್ತು? ಬಿಟ್ಟಾಗ ಪಟ್ಟಿ ನೋಡಿದ್ಯಾ?"

"ನೋಡ್ಯಾಕೆ ಬೇಕು. ಗಂಟೆಗೆ ಐದು ಸಾವಿರ ಲೀಟ್ರು ಇಳೀತದೆ. ಬಿಟ್ಟು ಮೂರು ಗಂಟೆ ಆಯ್ತು. ಈಗ ಇರೋದಕ್ಕೆ ಹದಿನೈದು ಸೇರಿಸ್ಕೊ."

ಅಲ್ಲೇ ಕೂತೆ. ಇಳಿಯುವುದು ಮೈನಸ್. ಹಿಂದಕ್ಕೆ ಹೋಗುವುದು ಮೈನಸ್. ಇಳಿಯುವ ನೀರಿನಲ್ಲಿ ಹಿಂದಕ್ಕೆ ಹೋದರೆ ಜಾಸ್ತಿಯೇ ಸಿಗಬೇಕು, ಬೇರೆ ದಾರಿಯಿಲ್ಲ. ಮೈನಸ್ ಐದನ್ನು ಮೈನಸ್ ಮೂರರಿಂದ ಗುಣಿಸಿದರೆ ಪ್ಲಸ್ ಹದಿನೈದು.

ಅಪ್ಪನಿಗೆ ಮಣ್ಣಿನ ಮೇಲೆ ಗೀಚಿ ತೋರಿಸಿದೆ. ವಾಲ್ವಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡಿದ. "ಇದನ್ನ ಕೇಳೋಕೆ ಸ್ಕೂಲು ಬಿಟ್ಟ್ಯಾ?" ಅಂದ. "ನನ್ನ ಕೇಳಿದ್ರೆ ಹೇಳ್ತಿದ್ದೆ."

ಮಾರ್ಚ್ 24, ಸೋಮವಾರ

ಟ್ರಿಗ್ನಾಮೆಟ್ರಿ ಎರಡು ಬಿಟ್ಟೆ. ಉಳಿದದ್ದು ಬರೆದೆ.

ಏಪ್ರಿಲ್ 4, ಶುಕ್ರವಾರ

ಮುಗಿಯಿತು. ಶಿಡ್ಲಘಟ್ಟ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಒಬ್ಬರ ಶರ್ಟಿಗೆ ಒಬ್ಬರು ಇಂಕು ಹಾಕುತ್ತಿದ್ದರು. ನನ್ನ ಪಕ್ಕ ಕೂತ ನೌರೀನ್ ಎಂಬ ಹುಡುಗಿ, ಕನ್ನಡದ ದಿನ ಎದ್ದು ನಿಂತವಳೇ, ವಿಜ್ಞಾನದ ಪ್ರಶ್ನೆಪತ್ರಿಕೆ ಹಿಡಿದು ಅಳುತ್ತಿದ್ದಳು. ಸಮೀಕರಣ ತಪ್ಪಾಗಿದೆಯಂತೆ. ಬಸ್ಸು ಬರುವವರೆಗೆ ಅಂತ ಅವಳಿಗೆ ಎರಡೂ ಕಡೆ ಸರಿದೂಗಿಸುವುದು ಹೇಳಿಕೊಟ್ಟೆ. ಎರಡು ಬಸ್ಸು ಹೋದವು.

ಏಪ್ರಿಲ್ 7, ಸೋಮವಾರ

ಮಧುಸೂದನ್ ಸಾರ್ ರಿಜಿಸ್ಟರ್ ತೆಗೆದಿಟ್ಟಿದ್ದರು. ಹೊಸ ಹಾಳೆಗೆ ಗೆರೆ ಎಳೆದು, ಮೂವತ್ತೊಂದು ಹೆಸರನ್ನೂ ಪೆನ್ಸಿಲ್ಲಿನಲ್ಲಿ ಬರೆದಿದ್ದರು. ನನ್ನ ಸಾಲಿನಲ್ಲಿ 12-3-2001. ಎದ್ದು ಕಾಣುತ್ತಿತ್ತು.

"ಬೇಡ ಸಾರ್. ಹಳೇದೇ ಇರ್ಲಿ."

"ಕೋರ್ಸಿಗೆ ಬೇಕು ಅಂದ್ಯಲ್ಲ?"

"ಬೇಕು."

"ಮತ್ತೆ? ನೋಡು, ಅವತ್ತು ನಾನಂದಿದ್ದಕ್ಕೆ ಕೋಪ ಇದ್ರೆ, ಇದೊಂದು ಮಾಡೋಕೆ ಬಿಡು. ನಂಗೂ ಸಮಾಧಾನ."

"ಕೋಪಕ್ಕಲ್ಲ ಸಾರ್."

ಯಾಕೆ ಅಂತ ನನಗೇ ಸರಿಯಾಗಿ ಹೇಳಲು ಬರುವುದಿಲ್ಲ. ಪರೀಕ್ಷೆ ಬರೆದವನು ನಾನು. ಆ ಕಾಗದದಲ್ಲಿ ಏಜೆಂಟು ಹುಟ್ಟಿಸಿದವನ ತಾರೀಖು ಬಂದರೆ ಬರೆದವನು ಬೇರೆ ಯಾರೋ ಆಗುತ್ತಾನೆ. ಜೂನ್ ಒಂದೂ ನನ್ನದಲ್ಲ. ಆದರೆ ಅದರಲ್ಲಿ ನನ್ನ ಜೊತೆ ಇನ್ನೂ ಇಪ್ಪತ್ತೊಂದು ಜನ ಇದ್ದಾರೆ, ಎಲ್ಲರ ಅಮ್ಮಂದಿರೂ ಏನೋ ಹೇಳಿದ್ದರು, ಯಾರದ್ದನ್ನೂ ಬರೆದುಕೊಂಡಿಲ್ಲ.

ಹೊರಡುವ ಮುಂಚೆ ನೀರಿನ ಟ್ಯಾಂಕಿನ ಲೆಕ್ಕ ಹೇಳಿದೆ. ಸಾರ್ ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ಹಿಡಿದು ಬರೆದುಕೊಂಡರು. "ಇನ್ನೊಂದ್ಸಾರಿ ಹೇಳು, ಹಿಂದಕ್ಕೆ ಯಾಕೆ ಮೈನಸ್ಸು?" ಅಂದರು. ಹೇಳಿದೆ. ಮೂರನೇ ಸಲ ಕೇಳಿದರು. ಮೂರನೇ ಸಲವೂ ಹೇಳಿದೆ.

ಏಪ್ರಿಲ್ 28, ಸೋಮವಾರ

ಬ್ಯಾಗು ಕಟ್ಟಿದೆ. ಗೌತಮಿ ಕೇಳಿದಳು, ಅಲ್ಲಿ ಏನು ಮಾಡ್ತೀಯ ಅಂತ. ಗೊತ್ತಿಲ್ಲ ಅಂದೆ. ಸದ್ಯಕ್ಕೆ 2001ರಲ್ಲಿ ಹುಟ್ಟಿದವನ ಟಿಕೆಟ್ಟಿನಲ್ಲೇ ಹೋಗಬೇಕು.

ಮೇ 2, ಶುಕ್ರವಾರ. ಒಮಾನ್

ರಿಸಲ್ಟ್. 625ಕ್ಕೆ 374. ವಿಜ್ಞಾನ ಎಲ್ಲಕ್ಕಿಂತ ಹೆಚ್ಚು, ಗಣಿತ ಎಲ್ಲಕ್ಕಿಂತ ಕಡಿಮೆ. ಪಾಸು.

ಅಮ್ಮನಿಗೆ ಫೋನ್ ಮಾಡಿದರೆ ಹುಳದ ಮನೆಯಲ್ಲಿದ್ದಳು. ಅನಸೂಯಮ್ಮನವರಿಗೆ ಕೂಗಿ ಹೇಳಿದ್ದು ಕೇಳಿಸಿತು.

ಇದ್ರಿಸ್ ಕೊಟ್ಟಿಗೆಯಲ್ಲೇ ತಬ್ಬಿಕೊಂಡರು, ಇಬ್ಬರ ಮೈಯಲ್ಲೂ ಸಗಣಿ. ಭಾನುವಾರವೇ ಪ್ರತಿ ತಂದು ಕೊಡು ಅಂದರು. ತಾರೀಖಿನ ವಿಷಯ ಹೇಳಿದೆ. ಮೆಲ್ಲಗೆ ಅಂದರು, ಆ ಆಫೀಸಿನವನು ಪಾಸು ಅನ್ನುವುದೊಂದನ್ನೇ ನೋಡುತ್ತಾನೆ, ಹುಟ್ಟಿದ ದಿನ ಯಾರು ಹೊಂದಿಸಿ ನೋಡುತ್ತಾರೆ, ಸುಮ್ಮನೆ ಕೊಡು.

ಮೇ 4, ಭಾನುವಾರ

ಸುಮ್ಮನೆ ಕೊಡಬಹುದಿತ್ತು. ನಿನ್ನೆಯೆಲ್ಲ ಅದನ್ನೇ ಯೋಚಿಸಿದೆ. ಕೋರ್ಸು ಮುಗಿದಾಗ ಇನ್ನೊಂದು ಸರ್ಟಿಫಿಕೇಟು ಬರುತ್ತದೆ. ಅದರಲ್ಲಿ ಯಾರ ತಾರೀಖು ಇರುತ್ತದೆ? ಆಮೇಲೆ ಮುಂದೆ ಓದಬೇಕು ಅನ್ನಿಸಿದರೆ? ಒಂದೊಂದು ಕಾಗದದಲ್ಲಿ ಒಬ್ಬೊಬ್ಬ. ಅವರನ್ನೆಲ್ಲ ಒಟ್ಟಿಗೆ ಎಷ್ಟು ದಿನ ಬಚ್ಚಿಡಲಿ?

ಇಂಗ್ಲಿಷಿನಲ್ಲಿ ಕಾಗದ ಬರೆದೆ. ಎರಡು ಗಂಟೆ ಹಿಡಿಯಿತು. ಐದು ವಾಕ್ಯ. ನನ್ನ ಪಾಸ್‌ಪೋರ್ಟಿನ ಹುಟ್ಟಿದ ದಿನ ತಪ್ಪು. ತಪ್ಪೆಂದು ಗೊತ್ತಿಲ್ಲದೆ, ಓದದೆ, ಸಹಿ ಮಾಡಿದವನು ನಾನು. ಮಾರ್ಕ್ಸ್ ಕಾರ್ಡಿನ ದಿನವನ್ನು ಶಾಲೆಯವರು ಬರೆದಿದ್ದಾರೆ, ನಮ್ಮ ಸರ್ಕಾರದಲ್ಲಿ ಅದೇ ನಡೆಯುತ್ತದೆ. ಪಾಸ್‌ಪೋರ್ಟನ್ನು ತಿದ್ದಿಸುತ್ತೇನೆ. ನನಗೆ ಹಸುಗಳ ಚಿಕಿತ್ಸೆ ಕಲಿಯಬೇಕು.

ಯಾರ ಕೈಯಲ್ಲೂ ತಿದ್ದಿಸಲಿಲ್ಲ. ಪ್ರತಿಯ ಜೊತೆ ಆಫೀಸಿನ ಮೇಜಿನ ಮೇಲೆ ಇಟ್ಟೆ.

ಮೇ 12, ಸೋಮವಾರ

ಆಫೀಸಿಗೆ ಕರೆದರು. ಕೋರ್ಸು ಇಲ್ಲ. ಸೆಪ್ಟೆಂಬರಿಗೆ ಕಾಂಟ್ರಾಕ್ಟ್ ಮುಗಿಯುತ್ತದೆ, ಆಮೇಲೆ ಮುಂದುವರಿಸುವುದಿಲ್ಲ. ಪಾಸ್‌ಪೋರ್ಟ್ ತಿದ್ದಿಸಿಕೊಂಡು ಹೊಸದಾಗಿ ಅರ್ಜಿ ಹಾಕಿದರೆ ಆಗ ನೋಡೋಣ. ಪೊಲೀಸರಿಗೆ ಹೇಳದೆ ಬಿಟ್ಟದ್ದೇ ದೊಡ್ಡದು ಅಂದ ಆಫೀಸಿನವನು. ಈ ಸಲ ನಗಲಿಲ್ಲ.

ಇದ್ರಿಸ್ ಸಿಟ್ಟಾಗಿದ್ದಾರೆ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಮುಂದಿನ ವರ್ಷ ಈ ಹೊತ್ತಿಗೆ ನೀನು ನನ್ನ ಪಕ್ಕ ನಿಂತಿರುತ್ತಿದ್ದೆ ಅಂದರು. ಹೌದು ಅಂದೆ. ಮಾತು ಬಿಟ್ಟಿದ್ದಾರೆ.

ಅಮ್ಮ ಫೋನ್ ಮಾಡಿದಳು. "ಬೈದ್ರಾ?"

"ಇಲ್ಲಮ್ಮ."

"ಬೈದ್ರೆ ಬಂದ್ಬಿಡು. ಹಸು ಇಲ್ಲೂ ಅವೆ."

ಮಧ್ಯಾಹ್ನದ ಪಾಳಿಗೆ ಹೋದೆ. 4417ಕ್ಕೆ ವಾಸಿಯಾಗಿದೆ. ನಾಲ್ಕೂ ಮೊಲೆಯಲ್ಲಿ ಹಾಲು ಸಮ ಬರುತ್ತಿದೆ.

ಜೂನ್ 4, ಬುಧವಾರ

ಹಾಲುಜ್ವರ. 2083ನೇ ಹಸು, ಮೂರನೇ ಕರು ಹಾಕಿ ಒಂದು ದಿನ. ಬೆಳಿಗ್ಗೆ ಏಳಲಿಲ್ಲ. ಕಿವಿ ತಣ್ಣಗೆ, ಕತ್ತನ್ನು ತಿರುಗಿಸಿ ಹೊಟ್ಟೆಯ ಮೇಲಿಟ್ಟುಕೊಂಡಿತ್ತು. ಇದ್ರಿಸ್ ಕೋರ್ಸಿಗೆ ಆಯ್ಕೆಯಾದ ಇಬ್ಬರನ್ನು ಕರೆದರು. ಆಮೇಲೆ ನನ್ನ ಕಡೆ ನೋಡದೆ, ನೀನೂ ಬಾ ಅಂದರು.

ಹೆಸರು ಜ್ವರ ಅಂತ, ಆದರೆ ಮೈ ಬಿಸಿ ಇರುವುದಿಲ್ಲ. ಕಾರಣ: ಕರು ಹಾಕಿದ ಕೂಡಲೇ ಕ್ಯಾಲ್ಸಿಯಂ ಎಲ್ಲ ಒಮ್ಮೆಗೇ ಹಾಲಿಗೆ ಇಳಿಯುತ್ತದೆ. ರಕ್ತದಲ್ಲಿ ಸಾಲದಾಗುತ್ತದೆ. ಅದಿಲ್ಲದೆ ಸ್ನಾಯು ಕೆಲಸ ಮಾಡುವುದಿಲ್ಲ. ಹೆಚ್ಚು ಹಾಲು ಕೊಡುವ ಹಸುವಿಗೇ ಇದು ಹೆಚ್ಚು.

ಬಾಟಲಿಯನ್ನು ಮೊದಲು ಬಿಸಿನೀರಿನಲ್ಲಿಟ್ಟು ಮೈಯ ಬಿಸಿಗೆ ತರಬೇಕು. ಕತ್ತಿನ ರಕ್ತನಾಳಕ್ಕೆ ಕೊಡಬೇಕು. ತೀರ ನಿಧಾನ. ಬೇಗ ಬಿಟ್ಟರೆ ಹೃದಯ ನಿಲ್ಲುತ್ತದೆ, ಯಾಕೆಂದರೆ ಹೃದಯವೂ ಸ್ನಾಯುವೇ. ಒಬ್ಬರು ಎದೆಗೆ ಕಿವಿಯಿಟ್ಟು ಕೇಳುತ್ತಿರಬೇಕು. ಆ ಕೆಲಸ ನನಗೆ ಕೊಟ್ಟರು. ಬಡಿತ ತಪ್ಪಿದಾಗ ಕೈ ಎತ್ತಿದೆ, ಬಾಟಲಿ ಕೆಳಗಿಳಿಸಿದರು. ಸರಿಯಾದಾಗ ಕೈ ಇಳಿಸಿದೆ, ಮೇಲೆತ್ತಿದರು. ಹೀಗೆ ನಾಲ್ಕು ಸಲ.

ಅರ್ಧ ಬಾಟಲಿಗೆ ಮೈ ನಡುಗಿತು. ತೇಗು ಬಂತು, ಆಮೇಲೆ ಸಗಣಿ. ಇವು ಒಳ್ಳೆಯ ಲಕ್ಷಣ. ಇಪ್ಪತ್ತು ನಿಮಿಷಕ್ಕೆ ಹಿಂಗಾಲು ಎತ್ತಿ, ಎದ್ದು ನಿಂತಿತು.

ಪಕ್ಕಕ್ಕೆ ಉರುಳಿದ ಹಸುವಾದರೆ ಸೂಜಿ ಹಾಕುವ ಮುಂಚೆ ಎದೆಯ ಮೇಲೆ ಕೂರಿಸಬೇಕು ಅಂದರು. ಕಾರಣ ಹೇಳುವಷ್ಟರಲ್ಲಿ ಬೇರೆ ಕಡೆಯಿಂದ ಕರೆ ಬಂತು. ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ ಅಂತ ನನ್ನ ಊಹೆ. ನಾಳೆ ಕೇಳಬೇಕು.